ಸೆಟೆದುಕೊಂಡ ಏಪ್ರನ್

ಎದುರಿಗಿದ್ದವರು ಆಡಲು ಹೋಗಿ ನುಂಗಿಕೊಂಡ ಮಾತುಗಳೆಲ್ಲ ನಮ್ಮ ಮೈಗೆ ಬಂದು ಅಂಟಿಕೊಳ್ಳುವಂತಾದರೆ ಏನಾದೀತು? ಈ ಪ್ರಶ್ನೆ ಯಾವ ಪುಣ್ಯಾತ್ಮನ ತಲೆಗೆ ಮೊದಲು ಹೊಳೆಯಿತೋ ನನಗೆ ಗೊತ್ತಿಲ್ಲ. ಹೊಳೆದದ್ದಂತೂ ಹೊಳೆಯಿತು, ಅದಕ್ಕೊಂದು ಯಂತ್ರವೂ ತಯಾರಾಯಿತು, ಅದನ್ನು ಪ್ರಯೋಗಿಸಲು ವಿಶ್ವವಿದ್ಯಾಲಯದವರು ನಮ್ಮ ಮೆಡಿಕಲ್ ಕಾಲೇಜನ್ನೇ ಆರಿಸಿದರು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನನ್ನು ಎಲ್ಲಿಗಾದರೂ ಎತ್ತಿ ಹಾಕುತ್ತಾರೆ. ಉತ್ತರ ಕರ್ನಾಟಕದ ಒಂದು ಊರು ಎಂದಷ್ಟು ತಿಳಿದರೆ ಸಾಕು.

ನಾನು ಮೆಹಜಬೀನ್ ನದಾಫ, ಅಲ್ಲಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಪಾಠ ಹೇಳುವವಳು. ಯಾರಿಗೂ ಬೇಡವಾದ ಕೆಲಸಗಳೆಲ್ಲ ನಮ್ಮ ವಿಭಾಗಕ್ಕೇ ಬರುತ್ತವೆ. ಕೈ ತೊಳೆಯುವ ದಿನ ನಮ್ಮದು, ಸೊಳ್ಳೆ ಸಪ್ತಾಹ ನಮ್ಮದು. ಹಾಗೆಯೇ ‘ಬೋಧಕರಿಗಾಗಿ ದಮನ ನಿವಾರಣೆ ಮತ್ತು ಒಳಗೊಳ್ಳುವಿಕೆ ತರಬೇತಿ’ಯ ಸಂಚಾಲಕತ್ವವೂ ನನ್ನ ಕೊರಳಿಗೆ ಬಿತ್ತು. ಇಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲದೆ ಸ್ಟಾಫ್ ರೂಮಿನಲ್ಲಿ ಅದು ‘ದಮನ ಟ್ರೈನಿಂಗ್’ ಆಯಿತು. ಸರ್ಜರಿಯ ಕಮಲಾಕ್ಷಿ ಬೆಟಗೇರಿ ಮೇಡಂ ಅದನ್ನು ಕೇಳಿ, “ಅದು ನಮಗ ಮೊದಲ ಬರ್ತೈತೆಲ್ಲ, ಮತ್ಯಾಕ ಟ್ರೈನಿಂಗ್?” ಎಂದರು.

ಹಿಂದೆಯೂ ಇಂಥ ತರಬೇತಿಗಳು ನಡೆದಿದ್ದವು. ಪರದೆಯ ಮೇಲೆ ಚಿತ್ರ ತೋರಿಸುವುದು, ಚಹಾ, ಮಿರ್ಚಿ ಭಜಿ, ಸಹಿ, ಮನೆಗೆ. ಈ ಸಲ ಹಾಗಿರಲಿಲ್ಲ. ಈ ಸಲ ಎಲ್ಲ ಬೋಧಕರಿಗೂ ಹೊಸ ಬಿಳಿ ಏಪ್ರನ್, ಅಂದರೆ ಡಾಕ್ಟರುಗಳು ತೊಡುವ ತುಂಬುತೋಳಿನ ಕೋಟು, ಬಂದಿತ್ತು, ಮೊಣಕಾಲಿನವರೆಗೆ. ಅದರ ಜೊತೆಗೆ ಜಾಸ್ಮಿನ್ ಪಿಂಟೊ ಎಂಬ ಮಂಗಳೂರಿನ ಇಂಜಿನಿಯರ್ ಹುಡುಗಿಯೂ ಬಂದಿದ್ದಳು. ಶವ ಕೊಯ್ಯುವ ಕೋಣೆಯ ಪಕ್ಕದ ಸ್ಟೋರ್ ರೂಮನ್ನು ಅವಳಿಗೆ ಕಂಟ್ರೋಲ್ ರೂಮಾಗಿ ಕೊಟ್ಟೆವು. ಫಾರ್ಮಲಿನ್ ವಾಸನೆಗೆ ಕಣ್ಣೀರು ಸುರಿಸುತ್ತಲೇ ಅವಳು ನನಗೆ ಯಂತ್ರದ ಗುಟ್ಟು ಬಿಡಿಸಿ ಹೇಳಿದಳು.

ಮಾತು ಬಾಯಿಗೆ ಬರುವ ಮೊದಲು ಗಂಟಲಿನ ಸಣ್ಣ ಸ್ನಾಯುಗಳು ಅದಕ್ಕೆ ಸಿದ್ಧವಾಗುತ್ತವಂತೆ. ಮಾತನ್ನು ಆಡದೆ ನುಂಗಿಕೊಂಡರೂ ಆ ಸಿದ್ಧತೆಯ ಗುರುತು ಉಳಿಯುತ್ತದೆ. ವಿದ್ಯಾರ್ಥಿಗಳು, ನರ್ಸುಗಳು, ವಾರ್ಡಿನ ಸಿಬ್ಬಂದಿ ಎಲ್ಲರೂ ಕೊರಳಪಟ್ಟಿಗೆ ಒಂದು ಬಿಲ್ಲೆ ಸಿಕ್ಕಿಸಿಕೊಳ್ಳಬೇಕು. ಆ ಬಿಲ್ಲೆ ನುಂಗಿದ ಮಾತನ್ನು ಹಿಡಿದು, ಎದುರಿಗಿರುವ ಬೋಧಕರ ಏಪ್ರನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಏಪ್ರನ್ನಿನ ಎರಡು ಪದರಗಳ ನಡುವೆ ಒಂದು ದ್ರವವಿದೆ. ಕೊಂಚ ವಿದ್ಯುತ್ ತಾಗಿದರೆ ಸಾಕು, ಅದು ಗಟ್ಟಿಯಾಗಿ ಬಟ್ಟೆ ಗಂಜಿ ಹಾಕಿದ ಹಾಗೆ ಸೆಟೆದುಕೊಳ್ಳುತ್ತದೆ. ನುಂಗಿದವರು ಬಾಯಿಬಿಟ್ಟು ಮಾತಾಡಿದರೆ ಮತ್ತೆ ಸಡಿಲವಾಗುತ್ತದೆ. ಎದುರಿನವರು ಹೆದರಿದರೋ ಬೆವತರೋ ಅದಕ್ಕೆ ಬೇಕಿಲ್ಲ, ಏನು ನುಂಗಿದರು ಎಂಬುದೂ ಅದಕ್ಕೆ ಗೊತ್ತಾಗುವುದಿಲ್ಲ, ನುಂಗಿದರು ಎಂಬುದಷ್ಟೇ ಗೊತ್ತಾಗುತ್ತದೆ. ಸ್ವಿಚ್ ಆರಿಸಿ ಏಪ್ರನ್ ಬಿಚ್ಚಬಹುದು, ಆದರೆ ಆರಿಸಿಕೊಂಡವರು ತರಬೇತಿಯಲ್ಲಿ ನಪಾಸು. ತರಬೇತಿಯ ಕಡೆಯ ದಿನವೂ ಯಾರ ಏಪ್ರನ್ ಸೆಟೆದೇ ಇರುತ್ತದೋ ಅವರೂ ನಪಾಸು. ನಪಾಸಾದವರು ಆ ವರ್ಷ ಪರೀಕ್ಷಕರಾಗಿ ಕೂರುವಂತಿಲ್ಲ.

ಪರೀಕ್ಷಕನ ಕುರ್ಚಿ ಹೋಗುತ್ತದೆ ಎಂದಕೂಡಲೇ ನಮ್ಮ ಪ್ರೊಫೆಸರುಗಳು ತಮ್ಮ ವಿದ್ಯಾರ್ಥಿಗಳಂತೆಯೇ ಆಡತೊಡಗಿದರು. ಬೇರೆ ಕಾಲೇಜಿನಲ್ಲಿ ಏನು ಕೇಳಿದರು, ಯಾವ ಪಾಠ ಮುಖ್ಯ ಎಂದು ಫೋನಿನಲ್ಲಿ ವಿಚಾರಣೆ ನಡೆಯಿತು. ಹುಡುಗರನ್ನು ಎಮ್ಮೆಯೆಂದೇ ಕರೆಯುತ್ತಿದ್ದ ಅನಾಟಮಿಯವರು ಒಮ್ಮಿಂದೊಮ್ಮೆಲೆ ‘ಕಂದಾ, ಚಿನ್ನಾ’ ಎಂದು ಶುರುಮಾಡಿದರು. ಅದನ್ನು ಕೇಳಿ ಗಾಬರಿಯಾದ ಮಕ್ಕಳು ಇದ್ದಬದ್ದ ಮಾತನ್ನೆಲ್ಲ ನುಂಗಿಕೊಂಡು, ಅವರ ಏಪ್ರನ್ ಹಲಗೆಯಾಯಿತು. ಔಷಧಶಾಸ್ತ್ರದವರು ಯಂತ್ರ ತಮ್ಮ ನಾಡಿಯನ್ನೇ ಅಳೆಯುತ್ತದೆಂದು ತಿಳಿದು, ಎದೆಬಡಿತ ಇಳಿಸುವ ಗುಳಿಗೆ ನುಂಗಿ ಪಾಠಕ್ಕೆ ಹೋದರು. ತಲೆ ತಿರುಗಿ ಮೇಜಿನ ಕೆಳಗೆ ಕೂತವರನ್ನು ಹುಡುಗರೇ ಎತ್ತಿ ತಂದರು.

ಕಮಲಾಕ್ಷಿ ಮೇಡಂ ಮಾತ್ರ ಎಂದಿನಂತೆ ಕೂಗಾಡುತ್ತಲೇ ಇದ್ದರು. ಅವರ ಏಪ್ರನ್ ಗಾಳಿಗೆ ಹಾರಾಡುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ನೋಡಲು ಹೋದರೆ, ಅವರ ಹುಡುಗರು ಅವರಿಗಿಂತ ಜೋರಾಗಿ ಕೂಗಿ ಜವಾಬು ಕೊಡುತ್ತಿದ್ದರು. ನನ್ನ ಏಪ್ರನ್ನೂ ಮೆತ್ತಗೇ ಇತ್ತು. ಸಂಚಾಲಕಿಯಾದ ಮೇಲೆ ಹಾಗಿರಲೇಬೇಕಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಮೆಡಿಸಿನ್ ವಿಭಾಗದ ಮುಖ್ಯಸ್ಥ ಚನ್ನಮಲ್ಲಯ್ಯ ಹಿರೇಮಠ ಸರ್ ಬಗ್ಗೆ ಯಾರಿಗೂ ಚಿಂತೆಯೇ ಇರಲಿಲ್ಲ. ಅವರು ಒಬ್ಬರಿಗೂ ಗದರಿದವರಲ್ಲ. ಕಸ ಗುಡಿಸುವವರಿಗೂ ತಾವೇ ಮೊದಲು ನಮಸ್ಕಾರ ಹೇಳುವವರು. ಪರೀಕ್ಷೆಗೆ ಹಿರೇಮಠ ಸರ್ ಕೂರಲಿ ಎಂದು ಹುಡುಗರು ಹರಕೆ ಹೊರುತ್ತಿದ್ದರು. ಸರ್‌ಗೂ ಪರೀಕ್ಷಕನ ಕುರ್ಚಿಯೆಂದರೆ ಪ್ರಾಣ. ನಿವೃತ್ತಿಗೆ ಮೊದಲು ಅವರಿಗೆ ಇನ್ನೊಂದೇ ಪರೀಕ್ಷೆ ಉಳಿದಿತ್ತು, ಅದರಲ್ಲಿ ಕೂತು ಎದ್ದು ಸಮಾಧಾನವಾಗಿ ಮನೆಗೆ ಹೋಗುತ್ತೇನೆಂದು ಎಲ್ಲರ ಮುಂದೆ ಹೇಳಿಕೊಂಡಿದ್ದರು.

ಅಂಥವರ ಏಪ್ರನ್ ಮೊದಲ ದಿನವೇ ಭುಜದಲ್ಲಿ ಹಿಡಿಯಿತು. ಮರುದಿನ ತೋಳು, ಆಮೇಲೆ ಬೆನ್ನು. ಕೈ ಮಡಚಲು ಬಾರದೆ, ಕೂರಲು ಬಾರದೆ, ಎರಡೂ ತೋಳು ಚಾಚಿಕೊಂಡು ಅವರು ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರೆ ರೋಗಿಗಳು ದಾರಿ ಬಿಡುತ್ತಿದ್ದರು. ಹಿರೇಮಠ ಸರ್ ಯಾರನ್ನಾದರೂ ತುಳಿದಾರು ಎಂದರೆ ನಂಬುವವರು ಯಾರು? ಆದ್ದರಿಂದ ತಪ್ಪು ಏಪ್ರನ್ನಿನದಲ್ಲ, ಸರ್ ದೇಹದ್ದೇ ಎಂದು ಡಾಕ್ಟರುಗಳೆಲ್ಲ ಸೇರಿ ತೀರ್ಮಾನಿಸಿದರು. ಎಲುಬಿನವರು ಭುಜ ಹಿಡಿದುಕೊಂಡಿದೆ ಎಂದರು. ನರರೋಗದವರು ನಡಿಗೆ ನೋಡಿ ಪಾರ್ಕಿನ್ಸನ್ ಎಂದರು. ಪರೀಕ್ಷಿಸಲು ಏಪ್ರನ್ ಬಿಚ್ಚಬೇಕಿತ್ತು, ನಪಾಸಾಗುವ ಭಯಕ್ಕೆ ಸರ್ ಸ್ವಿಚ್ ಆರಿಸಲೊಲ್ಲರು, ಆರಿಸದೆ ಬಿಚ್ಚಲು ಬರಲಿಲ್ಲ. ಬಟ್ಟೆ ಬಿಚ್ಚಲು ಬಾರದಿರುವುದನ್ನೂ ಒಂದು ರೋಗಲಕ್ಷಣವೆಂದು ಬರೆದುಕೊಂಡರು.

“ರೋಗ ಮೊಣಕಾಲಿಗೆ ಬಂದು ನಿಂತೈತಿ. ಏಪ್ರನ್ನೂ ಅಲ್ಲೇ ನಿಂತೈತಿ,” ಎಂದು ಕಮಲಾಕ್ಷಿ ಮೇಡಂ ಹಾದುಹೋಗುತ್ತ ಹೇಳಿದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಕಂಟ್ರೋಲ್ ರೂಮಿಗೆ ಹೋಗಿ ಯಂತ್ರ ಕೆಟ್ಟಿರಬೇಕು ನೋಡು ಎಂದು ಜಾಸ್ಮಿನ್‌ಗೆ ಹೇಳಿದೆ. ಅವಳು ಎಲ್ಲ ತಂತಿಗಳನ್ನೂ ತಟ್ಟಿ ನೋಡಿ ಬಂದಳು.

“ಎಂತದೂ ಹಾಳಾಗಲಿಲ್ಲ ಮೇಡಂ, ಸರಿಯೇ ಉಂಟು. ಬೇಕಾದರೆ ಒಮ್ಮೆ ರೌಂಡ್ಸಿಗೆ ಹೋಗಿ ನೀವೇ ನೋಡಿ,” ಎಂದು ಅಂಗೈಯಷ್ಟಗಲದ ಒಂದು ಪರದೆಯನ್ನು ನನ್ನ ಕೈಗೆ ಕೊಟ್ಟಳು. ವಾರ್ಡಿನಲ್ಲಿ ಯಾರಾದರೂ ಮಾತು ನುಂಗಿದರೆ ಅದರಲ್ಲಿ ಒಂದು ಚುಕ್ಕಿ ಮಿನುಗುತ್ತದೆ, ಅದರ ಗುರುತು ಅಲ್ಲೇ ಉಳಿಯುತ್ತದೆ.

ನಮ್ಮ ಕಾಲೇಜಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಹಾಜರಿ ನಂಬರು ಹೆಸರಿನ ಪ್ರಕಾರ ಬರುವುದಿಲ್ಲ, ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಪ್ರಕಾರ ಬರುತ್ತದೆ. ಕಡೇ ನಂಬರಿನವರು ಯಾವ ಕೋಟಾದಲ್ಲಿ ಬಂದವರು, ಯಾರ ಮಕ್ಕಳು ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ, ನಂಬರೇ ಹೇಳುತ್ತದೆ. ರೌಂಡ್ಸಿನಲ್ಲಿ ಮೊದಲ ನಂಬರಿನವರು ರೋಗಿಯ ತಲೆಯ ಹತ್ತಿರ ನಿಲ್ಲುತ್ತಾರೆ, ಕಡೆಯವರು ಕಾಲಿನ ಹತ್ತಿರ. ಹೀಗೆ ನಿಲ್ಲಿ ಎಂದು ಯಾರೂ ಹೇಳಿದ್ದಲ್ಲ, ನಡೆದುಕೊಂಡು ಬಂದದ್ದು. ಹೃದಯ ತಲೆಯ ಕಡೆಗೇ ಹತ್ತಿರವಿರುವುದರಿಂದ, ಕಾಲಕಡೆಯವರು ಅದರ ಸಪ್ಪಳವನ್ನೇ ಕೇಳದೆ ಡಾಕ್ಟರಾಗಿ ಹೋಗುವುದೂ ಉಂಟು.

ಅಂದು ಹಿರೇಮಠ ಸರ್ ಎಂದಿನಂತೆ ತಲೆಕಡೆಯವರನ್ನು ಕೆಣಕಿ ಕೆಣಕಿ ಪ್ರಶ್ನೆ ಕೇಳಿದರು. ಅವರು ಒಂದೊಂದು ಪ್ರಶ್ನೆ ಕೇಳಿದಾಗಲೂ ನನ್ನ ಪರದೆಯಲ್ಲಿ ಕಾಲಕಡೆಯಿಂದ ಒಂದೊಂದು ಚುಕ್ಕಿ ಮಿನುಗುತ್ತಿತ್ತು. ಆಮೇಲೆ ಸರ್ ಕಾಲಕಡೆಗೆ ಬಂದರು. ಬಂದಕೂಡಲೇ ಅವರ ದನಿ ಬೆಣ್ಣೆಯಾಯಿತು. ಪಾಪ, ಹಳ್ಳಿಯಿಂದ ಬಂದ ಮಕ್ಕಳು, ಗೊತ್ತಿಲ್ಲದ್ದನ್ನು ಕೇಳಿ ನಾಲ್ಕು ಜನರ ಮುಂದೆ ನೋಯಿಸಬಾರದು ಎಂಬುದು ಅವರ ಮನಸ್ಸು. ಕಟ್ಟಕಡೆಯ ನಂಬರಿನ ರೇಣುಕಾ ಚಲವಾದಿಯ ಮುಂದೆ ನಿಂತು ಅವರು ನಕ್ಕರು.

“ಊಟ ಆತೇನವಾ?”

“ಆತ್ರಿ ಸರ್,” ಎಂದಳು ರೇಣುಕಾ.

ಪರದೆಯ ತುಂಬ ಚುಕ್ಕಿ. ಸರ್ ಏಪ್ರನ್ನಿನ ಎರಡೂ ತೋಳು ಕರಕರ ಎಂದು ಮೇಲೆದ್ದವು. ಇದನ್ನು ಕಂಡು ನನಗೆ ನಗು ಬಂತು, ನಗುವಿನ ಹಿಂದೆಯೇ ಸಂಕಟವೂ ಬಂತು. ಆ ಹುಡುಗಿ ಮುದ್ದೇಬಿಹಾಳದ ಕಡೆಯಿಂದ ಡಾಕ್ಟರಾಗಲು ಬಂದವಳು. ಎರಡು ವರ್ಷದಿಂದ ಆಕೆಗೆ ಈ ವಾರ್ಡಿನಲ್ಲಿ ಊಟದ ವಿಷಯ ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ.

ಅದನ್ನು ಸರ್‌ಗೆ ಹೇಳುವುದು ಹೇಗೆ? ಅಷ್ಟು ಒಳ್ಳೆಯ ಮನುಷ್ಯನಿಗೆ ನಿಮ್ಮ ಒಳ್ಳೆಯತನವೇ ತಪ್ಪು ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ನಾಳೆ ತರಬೇತಿಯ ಕಡೆಯ ದಿನ ಎನ್ನುವಾಗ ಅವರೇ ನನ್ನನ್ನು ಮನೆಗೆ ಕರೆಸಿದರು.

ಹೋಗಿ ನೋಡಿದರೆ ಸರ್ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದರು. ಅವರ ಹೆಂಡತಿ ನೀಲಕ್ಕ ಜೋಳದ ರೊಟ್ಟಿ ಮುರಿದು, ಬದನೆಕಾಯಿ ಎಣಗಾಯಿ ಹಚ್ಚಿ, ಅವರ ಬಾಯಿಗೆ ಇಡುತ್ತಿದ್ದರು. ನಡುನಡುವೆ ಸರ್ ಮೂಗನ್ನು ಸೊಟ್ಟ ಮಾಡಿದರೆ ನೀಲಕ್ಕ ಎಡಗೈಯಿಂದ ಮೂಗು ತುರಿಸಿಕೊಡುತ್ತಿದ್ದರು. ಸಂಸಾರದಲ್ಲಿ ಇಂಥ ಸಲಿಗೆ ಅವರಿಬ್ಬರಿಗೂ ಹೊಸದೆಂದು ನೋಡಿದರೇ ತಿಳಿಯುತ್ತಿತ್ತು.

ಸರ್ ಒಂದು ಉಪಾಯ ಹುಡುಕಿದ್ದರು. ನೀಲಕ್ಕನಿಗೂ ಒಂದು ಬಿಲ್ಲೆ ಸಿಕ್ಕಿಸಬೇಕು. ತಮ್ಮ ಮನೆಯಲ್ಲಿ ಒಂದು ದಿನವೂ ಜಗಳವಾದದ್ದಿಲ್ಲ, ಹಾಗಾಗಿ ಮನೆಯಲ್ಲಿ ಏಪ್ರನ್ ಅಲುಗಾಡುವುದಿಲ್ಲ, ಅಲ್ಲಿಗೆ ದೋಷ ಕಾಲೇಜಿನ ಯಂತ್ರದ್ದೆಂದು ಸಾಬೀತಾಗುತ್ತದೆ. ವಿಜ್ಞಾನದ ರೀತಿಯಲ್ಲಿ ನೋಡಿದರೆ ತರ್ಕ ಸರಿಯಾಗಿಯೇ ಇತ್ತು. ನಾನು ಪರ್ಸಿನಿಂದ ಬಿಲ್ಲೆ ತೆಗೆದು ನೀಲಕ್ಕನ ಸೆರಗಿಗೆ, ಕೊರಳ ಹತ್ತಿರ ಸಿಕ್ಕಿಸಿದೆ.

ನೀಲಕ್ಕ ಇನ್ನೊಂದು ತುತ್ತು ಎತ್ತಿ ಹಿಡಿದರು. ಸರ್ ಅಕ್ಕರೆಯಿಂದ, “ನಿಂದು ಊಟ ಆತೇನು?” ಎಂದರು. ಅಲ್ಲಿಯವರೆಗೆ ಮೆತ್ತಗಿದ್ದ ಏಪ್ರನ್ನಿನ ಕಾಲರು ಟಕ್ಕೆಂದು ನೆಟ್ಟಗಾಗಿ, ಸರ್ ಗದ್ದ ಮೇಲೆದ್ದು, ಅವರು ಚಾವಣಿ ನೋಡುವಂತಾಯಿತು. ತುತ್ತು ನೀಲಕ್ಕನ ಕೈಯಲ್ಲೇ ಉಳಿಯಿತು.

 ಒಲೆಯ ಮೇಲಿನ ಹಂಚು ಹೊಗೆಯಾಡುತ್ತಿತ್ತು. ನೀಲಕ್ಕ ಅದನ್ನು ಇಳಿಸಿ, ಕೈ ಒರೆಸಿಕೊಂಡು, ಚಾವಣಿಯ ಕಡೆ ನೋಡುತ್ತಿದ್ದ ಗಂಡನ ಕಡೆ ತಿರುಗಿದರು.

“ನನಗ ಬದನಿಕಾಯಿ ಸೇರೂದಿಲ್ಲ,” ಎಂದರು. “ಲಗ್ನ ಆದಾಗಿಂದ ಸೇರೂದಿಲ್ಲ.”

ಕಾಲರು ಸ್ವಲ್ಪ ಇಳಿಯಿತು. ಸರ್ ಕಣ್ಣು ಅಗಲ ಮಾಡಿ ಹೆಂಡತಿಯನ್ನು ನೋಡಿದರು. ನನಗೆ ಅಲ್ಲಿಂದ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಸಂಚಾಲಕಿ ಎಂಬ ನೆಪದ ಮೇಲೆ ಕೂತೆ.

“ನೀವು ಎಂದೂ ನನ್ನ ಬೈದಿಲ್ಲ, ಸುಳ್ಳ್ಯಾಕ ಹೇಳ್ಲಿ,” ಎಂದರು ನೀಲಕ್ಕ. “ದಿನಾ ಊಟ ಆತೇನಂತ ಕೇಳ್ತೀರಿ. ಅದರ ಮುಂದ ಏನೂ ಕೇಳೂದಿಲ್ಲ. ನಾ ಗಣಿತದಾಗ ಎಂ.ಎಸ್ಸಿ. ಮಾಡೀನಿ, ನಿಮಗ ನೆನಪೈತೇನು? ಮೊಮ್ಮಗಳಿಗೆ ಲೆಕ್ಕ ಬರವಲ್ದಂತ ನೀವು ಊರ ಮಂದೀನ್ನೆಲ್ಲಾ ಕೇಳಿದ್ರಿ. ನಾ ಇಲ್ಲೇ ರೊಟ್ಟಿ ಬಡೀಲಿಕ್ಹತ್ತಿದ್ದೆ.”

ಕಾಲರು ಪೂರ್ತಿ ಕೆಳಗೆ ಬಿತ್ತು. ಸರ್ ಕುತ್ತಿಗೆ ಆಡಿಸಲು ಬಂದರೂ ಆಡಿಸಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲು ಕೈ ಮಡಚುವಂತಿರಲಿಲ್ಲ. ನೀಲಕ್ಕ ಸೆರಗಿನಿಂದ ಒರೆಸಿದರು. “ಚಾಕರಿ ಬೈದು ಮಾಡಿಸ್ಕೊಂಡ್ರ ತಿರುಗಿ ಬೈಬಹುದು,” ಎಂದು ನನ್ನ ಕಡೆ ನೋಡಿ ಹೇಳಿದರು. “ಪ್ರೀತಿಲೆ ಮಾಡಿಸ್ಕೊಂಡ್ರ ಬಾಯಿ ಬಿಡೂದು ಹೆಂಗ, ಡಾಕ್ಟರಬಾಯಿ?”

ಆಗ ನಾನು ಕೈಯಲ್ಲಿದ್ದ ಪರದೆಯನ್ನು ಸರ್ ಮುಂದೆ ಹಿಡಿದು, ರೌಂಡ್ಸಿನಲ್ಲಿ ಚುಕ್ಕಿಗಳು ಎಲ್ಲಿಂದ ಬಂದವು, ಯಾವ ಮಾತಿಗೆ ಬಂದವು ಎಂದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆ ಮಕ್ಕಳಿಗೆ ನೋವಾಗಬಾರದೆಂದೇ ತಾವು ಕೇಳುತ್ತಿರಲಿಲ್ಲ ಎಂದರು. ಪ್ರಶ್ನೆಯನ್ನೇ ಕೇಳದಿದ್ದರೆ ಅವರಿಗೆ ಏನೂ ಬರುವುದಿಲ್ಲವೆಂದು ಮೊದಲೇ ತೀರ್ಮಾನ ಮಾಡಿದ ಹಾಗಲ್ಲವೇ ಎಂದು ನೀಲಕ್ಕ ಕೇಳಿದರು.  ನಾನು ಹೊರಡುವಾಗ ಸರ್, ಆ ಮೊಮ್ಮಗಳ ಲೆಕ್ಕ ಯಾವುದಿತ್ತು ಎಂದು ಮೆಲ್ಲಗೆ ಹೆಂಡತಿಯನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಜಾತ್ರೆಯಷ್ಟು ಜನ. ಸಂಜೆಯೊಳಗೆ ಏಪ್ರನ್ ಸಡಿಲವಾಗದಿದ್ದರೆ ಹಿರೇಮಠ ಸರ್ ಕುರ್ಚಿ ಹೋಯಿತೆಂದು ಎಲ್ಲರಿಗೂ ಗೊತ್ತಿತ್ತು. ಔಷಧಶಾಸ್ತ್ರದವರು ಸರ್ ಕಿವಿಯಲ್ಲಿ ಗುಳಿಗೆಯ ಹೆಸರು ಹೇಳಿ ಹೋದರು. ಸರ್ ಅವರನ್ನು ಇಬ್ಬರು ಪಿಜಿ ಹುಡುಗರು ಬೀರುವನ್ನು ಸಾಗಿಸಿದಂತೆ ಆಚೀಚೆ ಹಿಡಿದು ತಂದರು. ಹಾಸಿಗೆಯ ಮೇಲೆ ಹೃದಯದ ಕವಾಟ ಕಿರಿದಾದ ಒಬ್ಬ ಹೆಂಗಸಿದ್ದಳು. ಅಂಥ ಹೃದಯ ಬಡಿತದ ನಡುವೆ ಒಂದು ಮೆಲುವಾದ ಸಪ್ಪಳ ಮಾಡುತ್ತದೆ. ಅದನ್ನು ಹಿಡಿಯಲು ಪಳಗಿದ ಕಿವಿ ಬೇಕು.

ಸರ್ ಸೀದಾ ಕಾಲಕಡೆ ನೋಡಿದರು. “ರೇಣುಕಾ, ಇಲ್ಲಿ ಬಾ. ತಲಿಕಡೆ.”

ರೇಣುಕಾ ಹಿಂದೆ ಮುಂದೆ ನೋಡಿದಳು. ಆ ಹೆಸರಿನವಳು ಬೇರೆ ಯಾರಾದರೂ ಇರಬಹುದೆಂದು ಆಕೆಗೆ ಅನ್ನಿಸಿರಬೇಕು. ಮೊದಲ ನಂಬರಿನವರು ಸರಿದು ದಾರಿ ಬಿಟ್ಟರು. ಆಕೆ ಬಂದು ನಿಂತಳು. ಸರ್ ಅಭ್ಯಾಸಬಲದಿಂದ “ಊಟ...” ಎಂದರು, ತೋಳು ಕರ್ ಎಂದಿತು, ಬಾಯಿ ಮುಚ್ಚಿಕೊಂಡರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಸ್ಟೆತ್ ಇಡು. ಏನು ಕೇಳಸ್ತೈತಿ ಹೇಳು.”

ರೇಣುಕಾ ಬಹಳ ಹೊತ್ತು ಕೇಳಿದಳು.  ಎದೆ ಬಡಿಯುವಾಗಲೇ ಸಪ್ಪಳ ಬರುತ್ತದೆ ಎಂದಳು.

“ತಪ್ಪು,” ಎಂದರು ಸರ್.

 ಹಿರೇಮಠ ಸರ್ ಕಾಲಕಡೆಯವರಿಗೆ ತಪ್ಪು ಎಂದದ್ದನ್ನು ಯಾರೂ ಕೇಳಿರಲಿಲ್ಲ. ಈಗ ಏಪ್ರನ್ ಹಲಗೆಯಾಗಿ ಸರ್ ಉಸಿರಾಡಲಾರರೆಂದು ಪಿಜಿ ಹುಡುಗರು ಹಿಂದಿನಿಂದ ಹಿಡಿದುಕೊಂಡರು. ಏಪ್ರನ್ ಸುಮ್ಮನಿತ್ತು.

ಕುತ್ತಿಗೆಯ ನಾಡಿ ಹಿಡಿದುಕೊಂಡು ಮತ್ತೆ ಕೇಳು ಎಂದರು ಸರ್. ಆಕೆ ಕೇಳಿ ಇನ್ನೊಂದು ಉತ್ತರ ಹೇಳಿದಳು. ಅದೂ ತಪ್ಪು. ಸರಿಯಾಗಿ ಕೇಳಿಸುತ್ತಿಲ್ಲ ಎಂದಳು. ಕೇಳಿಸದಿದ್ದರೆ ಏನು ಮಾಡಬೇಕು ಎಂದರು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಬೇಕು ಎಂದಳು. ಮತ್ತೇನು ನೋಡುತ್ತ ನಿಂತಿದ್ದೀ, ಹೊರಳಿಸು ಎಂದು ಸರ್ ಗದರಿದರು. ಆ ಗದರಿಕೆ ಅವರಿಗೇ ಹೊಸದಾಗಿದ್ದು, ಕೊನೆಯಲ್ಲಿ ದನಿ ಸ್ವಲ್ಪ ಕೀರಲಾಯಿತು. ಆಕೆ ಹೊರಳಿಸಿ ಮತ್ತೆ ಕೇಳಿದಳು. ಈಗ ಮುಖ ಒಮ್ಮೆಲೆ ಬದಲಾಯಿತು, ಸಪ್ಪಳ ಸಿಕ್ಕಿತ್ತು. ಆದರೆ ಅದು ಯಾವ ಕವಾಟದ್ದೆಂದು ಹೇಳುವಾಗ ಮೂರನೆಯ ಸಲವೂ ತಪ್ಪಿದಳು.

ಸರ್ ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ತಲೆ ಎತ್ತಿದಳು.

“ಸರ್, ನಾನೊಂದು ಕೇಳ್ಲ್ಯಾ ರೀ? ಎಡಕ್ಕ ಹೊಳ್ಳಿಸಿದ್ರ ಯಾಕ ಜಾಸ್ತಿ ಕೇಳಸ್ತೈತ್ರಿ? ಹೋದ ವರ್ಷನ ಕೇಳಬೇಕಂತ ಮಾಡಿದ್ದೆ.”

ಆ ಮಾತು ಮುಗಿಯುವ ಮೊದಲೇ ಸರ್ ಬಲದೋಳು ತಟಕ್ಕನೆ ಕೆಳಗೆ ಬಿತ್ತು. ಆಮೇಲೆ ಎಡದೋಳು. ಏಪ್ರನ್ ಮೈತುಂಬ ನೆರಿಗೆಯಾಗಿ ಸಾಮಾನ್ಯ ಹತ್ತಿ ಬಟ್ಟೆಯಂತೆ ಜೋತುಬಿತ್ತು. ಹಿರೇಮಠ ಸರ್ ಮೊದಲು ಮಾಡಿದ ಕೆಲಸವೆಂದರೆ ಎಲ್ಲರೆದುರು ಕಣ್ಣುಮು‌ಚ್ಚಿ, ಮನಸಾರೆ, ಎರಡೂ ಕೈಗಳಿಂದ ಮೂಗು ತುರಿಸಿಕೊಂಡದ್ದು. ಆಮೇಲೆ ಆಕೆಯ ಪ್ರಶ್ನೆಗೆ ಉತ್ತರ ಹೇಳಲು ಹಾಸಿಗೆಯ ಅಂಚಿಗೆ ಬಾಗಿದರು. ಅಷ್ಟರಲ್ಲಿ ಕಾಲಕಡೆಯ ಉಳಿದವರೂ ಬಾಯಿಬಿಟ್ಟರು. ಅದರಲ್ಲಿ ಒಂದು ಪ್ರಶ್ನೆಗೆ ಸರ್ ಹತ್ತಿರವೇ ಉತ್ತರವಿರಲಿಲ್ಲ. ನಾಳೆ ಓದಿಕೊಂಡು ಬರುತ್ತೇನೆ ಎಂದರು. ರೌಂಡ್ಸು ಊಟದ ಹೊತ್ತು ಮೀರಿ ನಡೆಯಿತು.

ಸರ್ ಪರೀಕ್ಷಕರಾಗಿಯೇ ಉಳಿದರು. ಆ ವರ್ಷ ಹುಡುಗರು ಬೇರೆ ಪರೀಕ್ಷಕರು ಬರಲಿ ಎಂದು ಹರಕೆ ಹೊತ್ತರೆಂದು ಕೇಳಿದೆ. ಮನೆಯಲ್ಲಿ ಎಲ್ಲದಕ್ಕೂ ತನ್ನ ಅಭಿಪ್ರಾಯ ಕೇಳಿ ಕೇಳಿ ತಲೆ ತಿನ್ನುತ್ತಾರೆಂದು ನೀಲಕ್ಕನೂ ಫೋನು ಮಾಡಿ ದೂರಿದರು, ಆ ದೂರಿನ ದನಿಯಲ್ಲಿ ನಗು ಇತ್ತು.

ಆ ಕಡೆಯ ದಿನ ರೌಂಡ್ಸು ಮುಗಿಸಿ ವಾರ್ಡಿನಿಂದ ಹೊರಗೆ ಬಂದರೆ ರೇಣುಕಾ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು. ಮೂರು ಸಲ ಎಲ್ಲರೆದುರು ತಪ್ಪು ಹೇಳಿದವಳ ಮುಖ ಬಾಡಿರಬೇಕಿತ್ತು. ಅದು ಬೆಳಗುತ್ತಿತ್ತು. ನನಗೆ ಆಕೆಯ ಮೇಲೆ ಪ್ರೀತಿ ಉಕ್ಕಿ ಬಂದು ಹತ್ತಿರ ಹೋದೆ.

“ಊಟ ಆತೇನ, ರೇಣುಕಾ?” ಎಂದೆ.

“ಇಲ್ರಿ ಮೇಡಂ,” ಎಂದಳು ಆಕೆ, ಸುಮ್ಮನಾದಳು. ನನ್ನ ಬಲ ಮೊಣಕೈಯನ್ನು ಯಾರೋ ಹಿಡಿದಂತಾಯಿತು. ನೋಡಿದರೆ ಯಾರೂ ಇರಲಿಲ್ಲ. ತರಬೇತಿಯುದ್ದಕ್ಕೂ ಮೆತ್ತಗಿದ್ದ ನನ್ನ ಏಪ್ರನ್ ಆ ತೋಳಿನಲ್ಲಿ ಸೆಟೆದು ನಿಂತಿತ್ತು. ನಾನು ನಾಚಿಕೆಯಿಂದ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಲು ನೋಡಿದೆ, ಅದು ಮಡಚಲಿಲ್ಲ.

“ಅದಿರ್ಲಿ ಬಿಡು,” ಎಂದೆ. “ಆ ಕವಾಟ ಯಾಕ ತಪ್ಪಿತು ಹೇಳು.”

 ರೇಣುಕಾ ವರಾಂಡದ ಗೋಡೆಯ ಮೇಲೆ ಬೆರಳಿನಿಂದ ಹೃದಯ ಬರೆದು, ಇಲ್ಲಿ ರಕ್ತ ಬರುತ್ತದೆ, ಇಲ್ಲಿ ತಡೆಯುತ್ತದೆ, ತಾನು ಇದನ್ನು ಅದೆಂದು ತಿಳಿದೆ ಎಂದು ಹೇಳಲು ಶುರುಮಾಡಿದಳು. ಹೇಳುತ್ತ ಹೇಳುತ್ತ ನನ್ನ ಜೊತೆ ಎರಡು ಸಲ ವಾದವನ್ನೂ ಮಾಡಿದಳು. ನನ್ನ ಮೊಣಕೈ ಯಾವಾಗ ಸಡಿಲವಾಯಿತೋ ನಾನು ಗಮನಿಸಲಿಲ್ಲ.

“ನಾಳೆ ಮತ್ತ ನನ್ನನ್ನ ಕೇಳ್ತಾರಂತ್ರಿ ಮೇಡಂ,” ಎಂದು ಸ್ಟೆತ್ತನ್ನು ಕೊರಳಿಗೆ ಹಾಕಿಕೊಂಡು, ಮೆಸ್ಸಿನ ದಾರಿ ಬಿಟ್ಟು ಲೈಬ್ರರಿಯ ಕಡೆಗೆ ಓಡಿದಳು.